ಮಾತಾಡದ ವ್ಯಾಪಾರಿ, ಬರೆದಿಟ್ಟ ದೂರು

ಕೊಂಡ ಮಾಲು ಕೆಟ್ಟದ್ದಾದರೆ ವ್ಯಾಪಾರಿಯೊಡನೆ ಜಗಳವಾಡಬಹುದು. ಹೋದಾಗಲೆಲ್ಲ ‘ನಾಳೆ ಬನ್ನಿ’ ಎನ್ನುವ, ಬರೆದ ಪತ್ರಕ್ಕೆ ಉತ್ತರವನ್ನೇ ಕೊಡದ ವ್ಯಾಪಾರಿಯೊಡನೆ ಜಗಳವಾಡುವುದು ಹೇಗೆ? ಈ ಪ್ರಶ್ನೆ ಸುಮಾರು ಮೂರೂಮುಕ್ಕಾಲು ಸಾವಿರ ವರ್ಷಗಳಷ್ಟು ಹಳೆಯದು. ಇಂದಿನ ಇರಾಕ್‌ನ ದಕ್ಷಿಣ ಭಾಗದಲ್ಲಿದ್ದ ಊರ್ ಎಂಬ ಪಟ್ಟಣದಲ್ಲಿ ದೊರೆತು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಜೇಡಿಮಣ್ಣಿನ ಫಲಕವೊಂದು ಇದಕ್ಕೆ ಸಾಕ್ಷಿ.

ಕ್ರಿ.ಪೂ. 1750ರ ಸುಮಾರಿಗೆ ನನ್ನಿ ಎಂಬಾತ ಈಯಾ-ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ ಕಳುಹಿಸಿದ ಪತ್ರ ಅದು. ಒಳ್ಳೆಯ ತಾಮ್ರದ ಗಟ್ಟಿಗಳನ್ನು ಕೊಡುವುದಾಗಿ ಮಾತು ಕೊಟ್ಟು ಕಳಪೆ ತಾಮ್ರವನ್ನು ಮುಂದಿಟ್ಟದ್ದು ಅವನ ಮೊದಲ ದೂರು. ಹಣ ವಾಪಸು ತರಲು ಶತ್ರುಗಳ ಸೀಮೆ ದಾಟಿ ಹೋದ ತನ್ನ ಕಡೆಯವರನ್ನು ಮತ್ತೆ ಮತ್ತೆ ಬರಿಗೈಯಲ್ಲಿ ಅಟ್ಟಿದ್ದು ಎರಡನೆಯದು. ತಾಮ್ರದ ನಷ್ಟದಷ್ಟೇ ಈ ಅವಮಾನವೂ ಅವನನ್ನು ಚುಚ್ಚಿದೆ. ಇನ್ನು ಮುಂದೆ ಗಟ್ಟಿಗಳನ್ನು ತನ್ನ ಅಂಗಳದಲ್ಲೇ ಒಂದೊಂದಾಗಿ ಆರಿಸಿಕೊಳ್ಳುವುದಾಗಿ, ಬೇಡವಾದದ್ದನ್ನು ತಿರಸ್ಕರಿಸುವುದಾಗಿ ಎಚ್ಚರಿಸುತ್ತಾನೆ. ಅದೇ ವ್ಯಾಪಾರಿಯ ಮೇಲೆ ಬೇರೆಯವರು ಬರೆದ ದೂರಿನ ಪತ್ರಗಳೂ ಸಿಕ್ಕಿವೆ.

ದೂರು ಬರೆಯುವುದು ಕೊಂಡವನ ಕೈಯಲ್ಲಿದೆ. ಅದಕ್ಕೆ ಬೆಲೆ ಬರುವುದು ಕೇಳುವ ಅಧಿಕಾರವೊಂದು ಇದ್ದಾಗ. ಇದನ್ನು ಕೌಟಿಲ್ಯ ಅರಿತಿದ್ದ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ‘ಅರ್ಥಶಾಸ್ತ್ರ’ದಲ್ಲಿ ‘ಕಂಟಕಶೋಧನ’ ಎಂಬ ಅಧಿಕರಣವಿದೆ. ಮುಳ್ಳುಗಳನ್ನು ಕೀಳುವುದು ಎಂದು ಅದರ ಅರ್ಥ. ಕುಶಲಕರ್ಮಿಗಳಿಂದ ಮತ್ತು ವರ್ತಕರಿಂದ ಪ್ರಜೆಗಳನ್ನು ಕಾಯುವ ನಿಯಮಗಳೇ ಅದರ ಮೊದಲ ಅಧ್ಯಾಯಗಳು. ಒಪ್ಪಿದ ವೇಳೆಗೆ ಕೆಲಸ ಮುಗಿಸದ ಕುಶಲಕರ್ಮಿಯ ಕೂಲಿಯಲ್ಲಿ ಕಾಲು ಭಾಗ ಕಡಿತ. ಮೇಲೆ ಅದರ ಎರಡರಷ್ಟು ದಂಡ. ‘ನಾಳೆ ಬಾ’ ಎಂಬ ಮಾತಿಗೂ ಅಲ್ಲಿ ಬೆಲೆ ಕಟ್ಟಲಾಗಿತ್ತು.

ಬ್ರಿಟಿಷರ ಆಡಳಿತದೊಂದಿಗೆ ನಮ್ಮಲ್ಲಿಗೆ ಬಂದದ್ದು ಬೇರೆಯೇ ತತ್ವ: ‘ಕೊಳ್ಳುವವನೇ ಎಚ್ಚರವಾಗಿರಲಿ.’ 1930ರ ಸರಕು ಮಾರಾಟ ಕಾಯ್ದೆ ಇದಕ್ಕೆ ಕೆಲವು ವಿನಾಯಿತಿಗಳನ್ನು ಕೊಟ್ಟಿತು, ನಿಜ. ಅವುಗಳ ಫಲ ಪಡೆಯಲು ಮಾತ್ರ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು. ಕೋರ್ಟು ಶುಲ್ಕ, ವಕೀಲರ ಫೀಸು, ವಾಯಿದೆಯ ಮೇಲೆ ವಾಯಿದೆ. ಒಂದು ಇಸ್ತ್ರಿ ಪೆಟ್ಟಿಗೆಗಾಗಿ ಯಾರು ದಾವೆ ಹೂಡಿಯಾರು? ಈ ಲೆಕ್ಕ ವ್ಯಾಪಾರಿಗೂ ಗೊತ್ತಿತ್ತು. ಸುಮ್ಮನಿದ್ದುಬಿಡುವುದೇ ಅವನಿಗೆ ಅತ್ಯಂತ ಅಗ್ಗದ ರಕ್ಷಣೆಯಾಗಿತ್ತು.

ಇಂಗ್ಲಿಷ್ ಕಾನೂನಿನಲ್ಲಿ ಇನ್ನೊಂದು ಗೋಡೆಯೂ ಇತ್ತು. ಕೊಂಡವನ ಒಪ್ಪಂದ ಅಂಗಡಿಯವನೊಡನೆಯೇ ಹೊರತು ಮಾಲು ತಯಾರಿಸಿದವನೊಡನೆ ಅಲ್ಲ. 1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿಯಲ್ಲಿ ಮಹಿಳೆಯೊಬ್ಬರು, ಜೊತೆಗಿದ್ದವರು ಕೊಡಿಸಿದ ಶುಂಠಿ ಪಾನೀಯ ಕುಡಿದರು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ಅವರ ದೂರು. ಕೊಂಡವರು ಅವರಲ್ಲ, ಆದ್ದರಿಂದ ಅಂಗಡಿಯವನ ಮೇಲೂ ಒಪ್ಪಂದದ ಹಕ್ಕಿಲ್ಲ. ಬಡವರಾಗಿದ್ದ ಅವರ ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1932ರಲ್ಲಿ ಐವರಲ್ಲಿ ಮೂವರು ನ್ಯಾಯಮೂರ್ತಿಗಳು, ಕಟ್ಟಕಡೆಗೆ ಬಳಸುವವರ ಬಗ್ಗೆಯೂ ತಯಾರಕನಿಗೆ ಹೊಣೆಯುಂಟು ಎಂದರು. ‘ಡೊನಾಹ್ಯೂ-ಸ್ಟೀವನ್‌ಸನ್’ ಎಂಬ ಈ ತೀರ್ಪು ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಾಠ.

1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಅಲ್ಲಿನ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ ಬಳಕೆದಾರರ ನಾಲ್ಕು ಹಕ್ಕುಗಳನ್ನು ಹೆಸರಿಸಿದರು. ‘ತನ್ನ ಮಾತನ್ನು ಕೇಳಿಸುವ ಹಕ್ಕು’ ಅವುಗಳಲ್ಲೊಂದು. ಭಾರತದಲ್ಲಿ ಆ ಹಕ್ಕಿಗೆ ರೂಪ ಸಿಕ್ಕಿದ್ದು 1986ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಿಂದ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24 ಈಗ ರಾಷ್ಟ್ರೀಯ ಗ್ರಾಹಕರ ದಿನ.

ಈ ಕಾಯ್ದೆ ಹಳೆಯ ಲೆಕ್ಕವನ್ನು ತಲೆಕೆಳಗು ಮಾಡಿತು. ನಡೆದದ್ದನ್ನು ಹಾಳೆಯ ಮೇಲೆ ಬರೆದು, ರಸೀತಿ ಲಗತ್ತಿಸಿ ಜಿಲ್ಲಾ ವೇದಿಕೆಗೆ ಕೊಟ್ಟರೆ ಅದೇ ದೂರು. ಆರಂಭದಲ್ಲಿ ಶುಲ್ಕವಿರಲಿಲ್ಲ, ವಕೀಲರೂ ಕಡ್ಡಾಯವಲ್ಲ. ಎದುರಾಳಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಮತ್ತೆ 15 ದಿನ. ಆಗಲೂ ಬಾಯಿ ಬಿಡದಿದ್ದರೆ ದೂರುದಾರರ ಸಾಕ್ಷ್ಯದ ಮೇಲೆಯೇ ತೀರ್ಮಾನ. ನೋಟಿಸು ತೆಗೆದುಕೊಳ್ಳಲು ನಿರಾಕರಿಸಿದರೂ ಅದನ್ನು ತಲುಪಿದಂತೆಯೇ ಪರಿಗಣಿಸಬಹುದೆಂದು 2002ರ ತಿದ್ದುಪಡಿ ಹೇಳಿತು. 45 ದಿನಗಳ ಗಡಿಯನ್ನು ಮೀರಿ ಅವಕಾಶ ಕೊಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಚಿತಪಡಿಸಿತು. ಮೊದಲ ಬಾರಿಗೆ ಮೌನದಿಂದ ನಷ್ಟವಾಗುವುದು ವ್ಯಾಪಾರಿಗೆ.

ಸರ್ಕಾರಿ ಸಂಸ್ಥೆಗಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಮನೆ ಕಟ್ಟಿಕೊಡುವುದೂ ಸೇವೆಯೇ ಎಂದು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜನರನ್ನು ಸತಾಯಿಸಿದ್ದಕ್ಕೆ ಕೊಡುವ ಪರಿಹಾರವನ್ನು ಹೊಣೆಗಾರ ಅಧಿಕಾರಿಗಳಿಂದಲೇ ವಸೂಲು ಮಾಡಬೇಕೆಂದೂ ಸೂಚಿಸಿತು. ಹಣ ಪಡೆದು ನೀಡುವ ವೈದ್ಯಕೀಯ ಸೇವೆ 1995ರಲ್ಲಿ ಈ ವ್ಯಾಪ್ತಿಗೆ ಸೇರಿತು.

ಹಳೆಯದರ ಬದಲಿಗೆ ಬಂದ 2019ರ ಕಾಯ್ದೆ 2020ರ ಜುಲೈನಲ್ಲಿ ಜಾರಿಯಾಯಿತು. ವೇದಿಕೆ ‘ಆಯೋಗ’ವಾಯಿತು. ಇನ್ನೊಂದು ಊರಿನಲ್ಲಿ ಕೊಂಡಿದ್ದರೂ ಈಗ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಕಂಪ್ಯೂಟರಿನ ಮೂಲಕವೂ ಸಲ್ಲಿಸಬಹುದು.

ಇಷ್ಟಾದರೂ ಎಲ್ಲವೂ ಸುಗಮವೆನ್ನುವಂತಿಲ್ಲ. ಸರಕಿನ ಪರೀಕ್ಷೆ ಬೇಕಿಲ್ಲದ ದೂರುಗಳನ್ನು ಮೂರು ತಿಂಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾನೂನು ಹೇಳಿದರೂ ಎಷ್ಟೋ ದೂರುಗಳು ವರ್ಷಗಟ್ಟಲೆ ಎಳೆಯುತ್ತವೆ. ದೂರು ಕೊಡಲು ಇರುವುದು ಎರಡೇ ವರ್ಷಗಳ ಗಡುವು. ಪತ್ರದ ಮೇಲೆ ಪತ್ರ ಬರೆಯುತ್ತ ಕಾದರೆ ಅದು ತಾನಾಗಿ ಹಿಗ್ಗುವುದಿಲ್ಲ. ಅಂದರೆ ಉತ್ತರಿಸದ ವ್ಯಾಪಾರಿ ಇಂದಿಗೂ ಕೊಂಡವರ ಕಾಲವನ್ನು ತಿನ್ನಬಲ್ಲ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನೂ ಕಾನೂನು ಪೂರ್ತಿ ಒಪ್ಪಿಲ್ಲ. ಎದುರಾಳಿ ಬಾರದಿದ್ದರೂ ದೂರುದಾರ ತನ್ನ ಮಾತನ್ನು ದಾಖಲೆಯಿಂದ ತೋರಿಸಲೇಬೇಕು. ರಸೀತಿ, ಗ್ಯಾರಂಟಿ ಕಾರ್ಡು, ಕಳುಹಿಸಿದ ಪತ್ರದ ಪ್ರತಿ, ಅಂಚೆಯ ಸ್ವೀಕೃತಿ ಇವುಗಳನ್ನು ಜೋಪಾನ ಮಾಡಿದವರ ದೂರು ನಿಲ್ಲುತ್ತದೆ. ನನ್ನಿ ಬಾಯಿಮಾತಿನಲ್ಲಿ ಬೈದು ಸುಮ್ಮನಾಗಿದ್ದರೆ ಈಯಾ-ನಾಸಿರನ ಕಳಪೆ ತಾಮ್ರದ ಸುದ್ದಿ ಇಂದಿನವರೆಗೆ ಉಳಿಯುತ್ತಿರಲಿಲ್ಲ.