ಕರ್ನಲ್ ಮೊದಲೋ, ಉಳಿದದ್ದು ಮೊದಲೋ

ಕಂಪ್ಯೂಟರಿನ ಚರಿತ್ರೆ ಎಂದೊಡನೆ ಯಂತ್ರಗಳು, ಅವನ್ನು ಕಟ್ಟಿದವರು ನೆನಪಾಗುತ್ತಾರೆ. ನನ್ನ ಸಂಶೋಧನೆಯನ್ನು ಕಾಡುತ್ತಿರುವ ಪ್ರಶ್ನೆ ಅದಕ್ಕಿಂತ ಸಣ್ಣದು: ಹಳೆಯದನ್ನು ಹೊಸದಾಗಿಸುವಾಗ ತೊಂದರೆ ಯಾರ ಹೆಗಲಿಗೆ?

ಆಪರೇಟಿಂಗ್ ಸಿಸ್ಟಮ್‌ನಲ್ಲಿ ಎರಡು ಪಾಲು. ಯಂತ್ರದೊಂದಿಗೆ ನೇರವಾಗಿ ವ್ಯವಹರಿಸುವುದು ಕರ್ನಲ್. ಅದರ ಮೇಲೆ ನಿಂತ ಲೈಬ್ರರಿ, ಕಮಾಂಡುಗಳೆಲ್ಲ ಯೂಸರ್‌ಲ್ಯಾಂಡ್. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನಲ್ಲಿ ಇವೆರಡೂ ಒಟ್ಟಿಗೇ ಬೆಳೆದವು. ಆ ಸಲಿಗೆ ಎಷ್ಟಿತ್ತೆಂದರೆ, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಕೊಡುವ ‘ಪಿಎಸ್’ ಕಮಾಂಡು ಕರ್ನಲ್‌ನ ಮೆಮೊರಿಗೇ ಕೈಹಾಕಿ ಓದುತ್ತಿತ್ತು. ಒಳಗಿನ ಕೋಷ್ಟಕದ ಅಳತೆ ಬದಲಾದರೆ ಹಳೆಯ ಪಿಎಸ್‌ಗೆ ಕಾಣುವುದು ಬರೀ ಕಸ. ಹಾಗಾಗಿ ಎರಡನ್ನೂ ಒಂದೇ ಮೂಲದಿಂದ ಕಟ್ಟುವುದು ಅಲ್ಲಿ ವಾಡಿಕೆಯಾಯಿತು. ಅದರ ವಾರಸುದಾರ ಫ್ರೀಬಿಎಸ್‌ಡಿಯನ್ನು ಮೂಲದಿಂದ ಕಟ್ಟಿಕೊಳ್ಳುವವರು ಇಂದಿಗೂ ಮೊದಲು ಹೊಸ ಕರ್ನಲ್ ಹಾಕಿ, ರೀಬೂಟ್ ಮಾಡಿ, ಆಮೇಲೆಯೇ ಯೂಸರ್‌ಲ್ಯಾಂಡ್ ಹಾಕುತ್ತಾರೆ. ಹಳಬರ ಮಾತು ಹೊಸ ಕರ್ನಲ್‌ಗೆ ತಿಳಿಯುತ್ತದೆ. ಹೊಸಬರು ಕೇಳುವ ಸಿಸ್ಟಮ್ ಕಾಲ್ ಹಳೆಯ ಕರ್ನಲ್‌ನಲ್ಲಿ ಇಲ್ಲದೇ ಹೋಗಬಹುದು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು ಕರ್ನಲ್ ಮಾತ್ರ. ಮೇಲಿನದು ಬಹುಪಾಲು ಗ್ನೂ ಯೋಜನೆಯಿಂದ ಬಂತು. ಹುಟ್ಟಿನಿಂದಲೇ ಪಾಲಾದ ಮನೆ ಇದು. ಎರಡೂ ಕಡೆ ಒಂದೇ ದಿನ ದುರಸ್ತಿ ಮಾಡಿಸುವ ಯಜಮಾನ ಇಲ್ಲಿಲ್ಲ. ಕರ್ನಲ್ ಬದಲಾದರೂ ಬಳಕೆದಾರರ ಪ್ರೋಗ್ರಾಮು ಕೆಡಕೂಡದು ಎಂಬ ಲಿನಕ್ಸ್‌ನ ಪ್ರಸಿದ್ಧ ಕಟ್ಟಳೆಯನ್ನು ಟೊರ್ವಾಲ್ಡ್ಸ್‌ರ ಹಟವೆನ್ನುವವರಿದ್ದಾರೆ. ಹಟವೂ ಇದೆ, ಆದರೆ ನನಗೆ ಅದು ಈ ಪಾಲುಪಟ್ಟಿಯ ಫಲವೆಂದೇ ಕಾಣುತ್ತದೆ.

ಎರಡೂ ದಾರಿಗಳ ಬೆಲೆ ತಿಳಿದದ್ದು ಕಾಲದ ಲೆಕ್ಕದಲ್ಲಿ. 1970ರಿಂದ ಸೆಕೆಂಡು ಎಣಿಸುತ್ತ ಬಂದ 32 ಬಿಟ್‌ನ ಅಂಕಿ 2038ರ ಜನವರಿ 19ರಂದು ತುಂಬಿಹೋಗುತ್ತದೆ. ಓಪನ್‌ಬಿಎಸ್‌ಡಿ 2014ರ ತನ್ನ 5.5ನೇ ಆವೃತ್ತಿಯಲ್ಲಿ ಕರ್ನಲ್, ಯೂಸರ್‌ಲ್ಯಾಂಡ್ ಎರಡನ್ನೂ ಒಟ್ಟಿಗೆ 64 ಬಿಟ್‌ಗೆ ಒಯ್ದಿತು. ಹಳೆಯ ಪ್ರೋಗ್ರಾಮುಗಳನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು. ಅಚ್ಚುಕಟ್ಟಾದ ಕೆಲಸ, ಒಪ್ಪುತ್ತೇನೆ. ಆದರೆ ಮೂಲವೇ ಕಳೆದುಹೋದ ಪ್ರೋಗ್ರಾಮಿನ ಗತಿ?

ಲಿನಕ್ಸ್ ಹಳೆಯ ಸಿಸ್ಟಮ್ ಕಾಲ್‌ಗಳನ್ನು ಮುಟ್ಟದೆ, 2019ರಲ್ಲಿ ಪಕ್ಕದಲ್ಲೇ ಹೊಸವನ್ನು ಇಟ್ಟಿತು. ಗ್ನೂ ಸಿ ಲೈಬ್ರರಿ ಅವನ್ನು 32 ಬಿಟ್ ಪ್ರೋಗ್ರಾಮುಗಳಿಗೆ ಒದಗಿಸಿದ್ದು 2021ರಲ್ಲಿ. ಡೆಬಿಯನ್ 2024ರಲ್ಲಿ ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಬೇಕಾಯಿತು. ಆಗಲೂ ಹಳೆಯ ಐ386 ಯಂತ್ರಗಳ ಆವೃತ್ತಿಯಲ್ಲಿ 32 ಬಿಟ್‌ನ ಕಾಲವನ್ನೇ ಉಳಿಸಿತು. ಆ ಆವೃತ್ತಿ ಇನ್ನೂ ಉಳಿದಿರುವುದೇ ಹಳೆಯ ಪ್ರೋಗ್ರಾಮುಗಳನ್ನು ಓಡಿಸಲಿಕ್ಕೆ.