ಅಂಕಿತನಾಮ

ಒಬ್ಬ ವ್ಯಕ್ತಿಯನ್ನೋ ಒಂದು ಊರನ್ನೋ ನದಿಯನ್ನೋ ಪ್ರತ್ಯೇಕವಾಗಿ ಗುರುತಿಸಲು ಇಟ್ಟ ಹೆಸರು. ರೂಢ, ಅನ್ವರ್ಥ, ಅಂಕಿತ ಎಂಬ ವಿಂಗಡಣೆ 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿದೆ, ಶಾಲಾ ವ್ಯಾಕರಣ ಇಂದಿಗೂ ಅದನ್ನೇ ಕಲಿಸುತ್ತದೆ. ಇಂಥ ಹೆಸರಿಗೆ ಅರ್ಥವಿದೆಯೇ, ಅಥವಾ ಅದು ಬರಿಯ ಗುರುತೇ ಎಂಬುದು ಬಹು ಹಳೆಯ ವಿವಾದ.

ಪತಂಜಲಿ ‘ಮಹಾಭಾಷ್ಯ’ದಲ್ಲಿ ಜಾತಿ, ಗುಣ, ಕ್ರಿಯೆಗಳನ್ನು ಹೇಳುವ ಶಬ್ದಗಳ ಜೊತೆಗೆ ‘ಯದೃಚ್ಛಾಶಬ್ದ’ವನ್ನೂ, ಎಂದರೆ ಮನಬಂದಂತೆ ಇಟ್ಟ ಹೆಸರನ್ನೂ, ಎಣಿಸುತ್ತಾನೆ. ಅದಕ್ಕೆ ಅವನ ಉದಾಹರಣೆ ‘ಌತಕ’ ಎಂಬ ಹೆಸರು. ಅದೇ ಗ್ರಂಥದಲ್ಲಿ ಯದೃಚ್ಛಾಶಬ್ದಗಳೇ ಇಲ್ಲವೆಂಬ ಪಕ್ಷವೂ ಬರುತ್ತದೆ. ಗ್ರೀಸಿನಲ್ಲಿ ಪ್ಲೇಟೊ ‘ಕ್ರಾಟಿಲಸ್’ ಸಂವಾದದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡ.

ಹೆಸರು ವ್ಯಕ್ತಿಯನ್ನು ತೋರಿಸುತ್ತದೆ, ಗುಣವನ್ನು ಹೇಳುವುದಿಲ್ಲ ಎಂದು 1843ರಲ್ಲಿ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ವಾದಿಸಿದ. 1892ರಲ್ಲಿ ಫ್ರೇಗೆ ಇದನ್ನು ಎದುರಿಸಿದ. ಬೆಳಗಿನ ನಕ್ಷತ್ರವೂ ಸಂಜೆಯ ನಕ್ಷತ್ರವೂ ಒಂದೇ ಶುಕ್ರಗ್ರಹ; ಹೆಸರಿನ ಕೆಲಸ ತೋರಿಸುವುದಷ್ಟೇ ಆಗಿದ್ದರೆ ಈ ಮಾತಿನಿಂದ ಹೊಸದೇನೂ ತಿಳಿಯಬಾರದಿತ್ತು. ರಸೆಲ್ ಇನ್ನೂ ಮುಂದೆ ಹೋಗಿ, ದಿನಬಳಕೆಯ ಹೆಸರುಗಳೆಲ್ಲ ಅಡಕಗೊಂಡ ವರ್ಣನೆಗಳೇ ಎಂದ.

ಮಿಲ್‌ಗೆ ನಿಜವಾದ ತೊಡಕು ಒಡ್ಡಿದ್ದು ಖಗೋಳ ವಿಜ್ಞಾನ. ಖಗೋಳಜ್ಞ ಲೆವೆರಿಯೆ ಲೆಕ್ಕ ಹಾಕಿ ಹೇಳಿದ ಜಾಗದ ಹತ್ತಿರವೇ 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆಯ ವ್ಯತ್ಯಾಸಕ್ಕೂ ಅವನು 1859ರಲ್ಲಿ ಇಂಥದೇ ಕಾಣದ ಗ್ರಹವೊಂದನ್ನು ಕಾರಣವಾಗಿ ಕೊಟ್ಟ. ಆ ಕಾಣದ ಗ್ರಹಕ್ಕೆ ‘ವಲ್ಕನ್’ ಎಂಬ ಹೆಸರು ಬಿತ್ತು. ಹಲವರು ಅದನ್ನು ಕಂಡೆವೆಂದೂ ಹೇಳಿದರು. 1915ರಲ್ಲಿ ಐನ್‌ಸ್ಟೈನನ ಸಿದ್ಧಾಂತ ಆ ವ್ಯತ್ಯಾಸವನ್ನು ಗ್ರಹದ ಹಂಗಿಲ್ಲದೆ ವಿವರಿಸಿತು. ‘ವಲ್ಕನ್ ಇಲ್ಲ’ ಎಂಬುದು ನಿಜವಾದ ಮಾತು. ಆದರೆ ಅಲ್ಲಿ ಹೆಸರು ಯಾವುದನ್ನು ತೋರಿಸುತ್ತಿದೆ? ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ.

1970ರಲ್ಲಿ ಪ್ರಿನ್ಸ್‌ಟನ್ನಿನ ಉಪನ್ಯಾಸಗಳಲ್ಲಿ ಸಾಲ್ ಕ್ರಿಪ್ಕಿ ರಸೆಲನ ಈ ವರ್ಣನಾವಾದವನ್ನು ಬುಡಮೇಲು ಮಾಡಿದ. ತರ್ಕಶಾಸ್ತ್ರಜ್ಞ ಗ್ಯೋಡೆಲನ ಪ್ರಮೇಯವನ್ನು ವಾಸ್ತವದಲ್ಲಿ ಬೇರೊಬ್ಬ ಸಾಧಿಸಿದ್ದನೆಂದು ಊಹಿಸಿಕೊಂಡರೂ ‘ಗ್ಯೋಡೆಲ್’ ಎಂದಾಗ ನಾವು ಆ ಬೇರೊಬ್ಬನನ್ನು ಕರೆದಂತಾಗುವುದಿಲ್ಲ. ಒಮ್ಮೆ ಇಟ್ಟ ಹೆಸರು ಬಾಯಿಂದ ಬಾಯಿಗೆ ಸಾಗಿ ಬರುತ್ತದೆ, ವರ್ಣನೆ ತಪ್ಪಿದರೂ ಹೆಸರು ತಪ್ಪುವುದಿಲ್ಲ. ಈ ವಾದವೇ ಹೆಚ್ಚು ಗಟ್ಟಿ. ಆದರೆ ಬಾಯಿಂದ ಬಾಯಿಗೆ ಸಾಗುವ ಈ ಸರಪಳಿಯೂ ಜಾರಬಹುದು: ಆಫ್ರಿಕಾದ ಮುಖ್ಯಭೂಮಿಯ ಭಾಗವೊಂದರ ಹೆಸರು ತಪ್ಪು ತಿಳಿವಳಿಕೆಯಿಂದ ಮಡಗಾಸ್ಕರ್ ದ್ವೀಪಕ್ಕೆ ಅಂಟಿದ್ದನ್ನು 1973ರಲ್ಲಿ ಗ್ಯಾರೆತ್ ಎವನ್ಸ್ ಎತ್ತಿ ತೋರಿಸಿದ.

ಜೀವಿಗಳ ನಾಮಕರಣದಲ್ಲಿ, ವರ್ಣನೆ ತಪ್ಪಿದರೂ ಹೆಸರು ತಪ್ಪದಿರುವ ಕ್ರಮ ನಿಯಮವೇ ಆಗಿದೆ. ಪಶ್ಚಿಮ ಘಟ್ಟದ ಒಂದು ಕಪ್ಪೆಯ ಗಂಡು ಮೊಟ್ಟೆಗಳಿಗೆ ಮಣ್ಣು ಮೆತ್ತುತ್ತದೆ; 2014ರಲ್ಲಿ ಅದಕ್ಕೆ ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂದು ಹೆಸರಿಟ್ಟರು. ಹೆಸರು ನಿಂತಿರುವುದು ಆ ಗುಣದ ಮೇಲಲ್ಲ, ಸಂಗ್ರಹದಲ್ಲಿರುವ ಮಾದರಿ ಕಪ್ಪೆಯ ಮೇಲೆ. ಹೆಸರಿನ ಅರ್ಥ ಹೊಂದುವುದಿಲ್ಲವೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕಲು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಒಪ್ಪುವುದಿಲ್ಲ.