ಅಜ್ಜನ ಉರ್ದು, ಅಜ್ಜಿಯ ಕನ್ನಡ

ದೇವದುರ್ಗದ ನಮ್ಮ ತವರುಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇತ್ತು. ಅಪ್ಪ ತೀರಿಕೊಂಡ ಮೇಲೆ ತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಅದನ್ನು ಕೆಳಗಿಳಿಸಿದರು. ಒಳಗೆ ಅಜ್ಜನ ಕಾಗದಗಳಿದ್ದವು. ಎಲ್ಲವೂ ಉರ್ದುವಿನಲ್ಲಿ. ಬಿ.ಎ., ಬಿ.ಎಡ್. ಮಾಡಿ, ಮೊದಲು ಮಾನ್ವಿಯಲ್ಲಿ, ಆಮೇಲೆ ರಾಯಚೂರಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತ ಬಂದವಳು ನಾನು. ಅವತ್ತು ಸ್ವಂತ ಅಜ್ಜನ ಹೆಸರನ್ನೇ ಓದಲಾರದೆ ಕುಳಿತೆ.

ಕಾಗದಗಳನ್ನು ರಾಯಚೂರಿಗೆ ತಂದು, ನಿವೃತ್ತರಾದ ಉರ್ದು ಮಾಸ್ತರರೊಬ್ಬರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದ ಅವರು ನಕ್ಕರು. "ಇದು ಕೋರ್ಟಿನ ಕಾಗದ ಅಲ್ರೀ ಟೀಚರ್. ನಿಮ್ಮ ಅಜ್ಜಾರು ಮನಿ ಖರ್ಚು ಬರದಿಟ್ಟಾರ. ಇಲ್ಲಿ ನೋಡ್ರಿ, ಬೆಲ್ಲ, ಒಳ್ಳೆಣ್ಣಿ, ಒಂದು ಇಳಕಲ್ ಸೀರಿ." ಮೇಲೆ ಫಸಲಿ 1345 ಎಂದಿತ್ತು. ನಮ್ಮ ಲೆಕ್ಕಕ್ಕೆ ಅದು 1935-36. ಅಜ್ಜಿಗೆ ತಂದ ಸೀರೆಯ ಲೆಕ್ಕವನ್ನು ಅಜ್ಜಿ ಓದಲಾರದ ಭಾಷೆಯಲ್ಲಿ ಅಜ್ಜ ಬರೆದಿಟ್ಟಿದ್ದ!

ಅದು ಅಜ್ಜನ ತಪ್ಪಲ್ಲ. ಆಗ ನಮ್ಮದು ನಿಜಾಮರ ರಾಜ್ಯ. ಹೈದರಾಬಾದು ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಆಡುವವರೇ ಬಹುಪಾಲು ಜನ. ಆದರೆ ಕಚೇರಿಯಲ್ಲಿ ಮೊದಲು ಪಾರಸಿ ಇತ್ತು, 1880ರ ದಶಕದಿಂದ ಆ ಜಾಗಕ್ಕೆ ಉರ್ದು ಬಂತು. ಹಳ್ಳಿಯ ಸಣ್ಣ ತರಗತಿಗಳಲ್ಲಿ ಕನ್ನಡಕ್ಕೆ ಒಂದಿಷ್ಟು ಜಾಗವಿತ್ತು. ಮುಂದೆ ಓದಬೇಕೆಂದರೆ ಉರ್ದುವೇ ಗತಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಇಂಗ್ಲಿಷ್ ಬಿಟ್ಟು ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟಿತೆಂದು ದೇಶವೇ ಅದನ್ನು ಹೊಗಳಿತು. ಆ ದೇಶಭಾಷೆ ನಮ್ಮ ಮನೆಯ ಭಾಷೆಯಾಗಿರಲಿಲ್ಲ ಅಷ್ಟೆ.

ಹಾಗೆಂದು ನಮ್ಮವರು ಕೈಕಟ್ಟಿ ಕೂತಿರಲಿಲ್ಲ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಹೆಸರು ಉರ್ದು, ಕನಸು ಎಲ್ಲರದು. 1934ರಲ್ಲಿ, ಅಜ್ಜ ಆ ಸೀರೆ ತರುವ ಸ್ವಲ್ಪ ಮೊದಲು, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇದೇ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕಚೇರಿಯಲ್ಲಿ ಕನ್ನಡಕ್ಕೆ ಕುರ್ಚಿ ಇಲ್ಲದ ಊರಿಗೆ ಕಡಲತೀರದಿಂದ ಒಬ್ಬ ಮಾಸ್ತರರು ಬಂದು ಕನ್ನಡದ ಮಾತಾಡಿ ಹೋದದ್ದು ಸಣ್ಣ ಸಂಗತಿಯಲ್ಲ.

ಆದರೂ ಆ ಕಾಲದಲ್ಲಿ ಕನ್ನಡವನ್ನು ಉಳಿಸಿದವರು ಯಾರು ಎಂದು ಕೇಳಿದರೆ, ನನ್ನ ಕಣ್ಣ ಮುಂದೆ ಬರುವುದು ಸಮ್ಮೇಳನದ ಚಪ್ಪರವಲ್ಲ, ಬೀಸುವ ಕಲ್ಲು. ನನ್ನ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬೆಳಗಿನ ಜಾವ ಜೋಳ ಬೀಸುತ್ತ ಹಾಡಿದರೆ, ಹಿಟ್ಟು ಮುಗಿಯುತ್ತಿತ್ತೇ ಹೊರತು ಹಾಡು ಮುಗಿಯುತ್ತಿರಲಿಲ್ಲ. ದೇವದುರ್ಗ ಸೀಮೆಯ ಮೊಸರಕಲ್ಲು ಗೋಪಾಲದಾಸರ ಊರು. ಮಾನ್ವಿಯಲ್ಲಿ ನೆಲೆಸಿದ್ದ ಜಗನ್ನಾಥದಾಸರು ದೊಡ್ಡ ಸಂಸ್ಕೃತ ಪಂಡಿತರು. ಆದರೂ 'ಹರಿಕಥಾಮೃತಸಾರ'ವನ್ನು ಕನ್ನಡದ ಭಾಮಿನಿ ಷಟ್ಪದಿಯಲ್ಲಿ ಬರೆದರು. ನಾನು ಮಾನ್ವಿಯಲ್ಲಿದ್ದಾಗ, ಅಕ್ಷರ ಬಾರದ ಮುದುಕಿಯರು ಅದರ ಸಂಧಿಗಳನ್ನು ತಡವರಿಸದೆ ಹೇಳುವುದನ್ನು ಕಿವಿಯಾರೆ ಕೇಳಿದ್ದೇನೆ. ಗಂಡಸರು ಹೊಟ್ಟೆಪಾಡಿಗೆ ಕಚೇರಿಯ ಭಾಷೆ ಕಲಿತರು, ಹೆಂಗಸರಿಗೆ ಕಚೇರಿಯೇ ಇರಲಿಲ್ಲ. ಶಾಲೆಯಿಂದ ಅವರನ್ನು ಹೊರಗಿಟ್ಟದ್ದು ಅನ್ಯಾಯ. ಆ ಅನ್ಯಾಯದ ಒಳಗೇ ಕನ್ನಡ ಬೆಚ್ಚಗೆ ಉಳಿಯಿತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ, ಕಚೇರಿಗೆ ಬರಲು ಕನ್ನಡ ಮನೆಯಲ್ಲಿ ಸಿದ್ಧವಾಗಿಯೇ ಇತ್ತು.

ಇದೆಲ್ಲ ನನಗೆ ಹೊಳೆದದ್ದು ಐರ್ಲೆಂಡಿನ ದೆಸೆಯಿಂದ. ತಂಗಿಯ ಮಗಳು ಡಬ್ಲಿನ್ನಿನಲ್ಲಿ ಕೆಲಸಕ್ಕಿದ್ದಾಳೆ. ಒಮ್ಮೆ ಫೋನಿನಲ್ಲಿ, "ದೊಡ್ಡವ್ವಾ, ಇಲ್ಲಿ ರಸ್ತೆ ಬೋರ್ಡಿನ ಮ್ಯಾಲೆ ಐರಿಷ್ ಇರ್ತದ, ಕೆಳಗ ಇಂಗ್ಲಿಷು. ಆದ್ರ ಆಫೀಸಿನಾಗ ಒಬ್ಬರೂ ಐರಿಷ್ ಮಾತಾಡಂಗಿಲ್ಲ" ಅಂದಳು. ಕುತೂಹಲದಿಂದ ಓದಿದೆ. 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ಬಿದ್ದು ಅಲ್ಲಿ ಘೋರ ಬರ ಬಂತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಐರಿಷ್ ಆಡುವ ಬಡವರೇ ಹೆಚ್ಚು ಅಳಿದರು. 1851ರ ಗಣತಿಯಲ್ಲಿ ಸುಮಾರು 15 ಲಕ್ಷ ಇದ್ದ ಐರಿಷ್ ಬಲ್ಲವರು 1891ಕ್ಕೆ 7 ಲಕ್ಷಕ್ಕೂ ಕೆಳಗಿಳಿದರು. 1922ರಲ್ಲಿ ಸ್ವಂತ ಸರ್ಕಾರ ಬಂತು, 1937ರ ಸಂವಿಧಾನ ಐರಿಷನ್ನು ಮೊದಲ ಅಧಿಕೃತ ಭಾಷೆ ಎಂದಿತು, ಮಕ್ಕಳೆಲ್ಲ ಶಾಲೆಯಲ್ಲಿ ಕಲಿತರು. 2022ರ ಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನಾ ಆಡುವವರು ಮಾತ್ರ ಸುಮಾರು 72,000. ಕಚೇರಿ ಸಿಕ್ಕಿತು, ಆದರೆ ಅಷ್ಟರಲ್ಲಿ ಎಷ್ಟೋ ಮನೆಗಳ ಒಲೆಯ ಮುಂದೆ ಆ ಭಾಷೆ ಆರಿಹೋಗಿತ್ತು.

ಒಂದು ಸಂಗತಿ ನನ್ನ ನಿದ್ದೆ ಕೆಡಿಸಿತು. ಹಿಂದೆ ಅಲ್ಲಿ ಕೆಲವು ಕಡೆ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರಂತೆ. ಐರಿಷ್ ಮಾತಾಡಿದಾಗೆಲ್ಲ ಅದಕ್ಕೊಂದು ಗೀರು. ಸಂಜೆ ಗೀರು ಎಣಿಸಿ ಏಟು. ಹೆತ್ತವರೂ ಇದಕ್ಕೆ ಒಪ್ಪಿದ್ದರು. ಮಕ್ಕಳು ದೊಡ್ಡ ಊರು ಸೇರಿ ಬದುಕಲಿ ಎಂಬ ಆಸೆ ಅವರದು.

ನನಗೆ ಮಗನ ಶಾಲೆಯ ದಿನಗಳು ನೆನಪಾದವು. ಅವನನ್ನು ನಾನೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದೆ. ಕನ್ನಡ ಆಡಿದರೆ ಅಲ್ಲಿ ಒಂದು ರೂಪಾಯಿ ದಂಡ. ಅವನು ಬೆಳಿಗ್ಗೆ ಕೈಚಾಚಿದರೆ ನಾನು ಸುಮ್ಮನೆ ರೂಪಾಯಿ ಇಟ್ಟು, ಪರ್ಸು ಮುಚ್ಚಿ, ಕನ್ನಡ ಪಾಠ ಮಾಡಲು ಹೋಗುತ್ತಿದ್ದೆ. ಒಂದು ದಿನವೂ ಆ ಶಾಲೆಗೆ ಹೋಗಿ ಕೇಳಲಿಲ್ಲ. ಅಜ್ಜನಿಗೆ ಬೇರೆ ದಾರಿ ಇರಲಿಲ್ಲ. ನನಗಿತ್ತು.

2011ರ ಗಣತಿಯಂತೆ ಕನ್ನಡ ಮನೆಮಾತಾಗಿರುವವರು ಸುಮಾರು 4 ಕೋಟಿ 37 ಲಕ್ಷ. 2008ರಲ್ಲಿ ಶಾಸ್ತ್ರೀಯ ಭಾಷೆಯ ಮನ್ನಣೆಯೂ ಬಂತು. ಐರಿಷಿನ ಸ್ಥಿತಿ ನಮಗೆಲ್ಲಿದೆ ಎನ್ನಬಹುದು, ನಿಜ. ಆದರೆ ಕಲಿಕೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಆಯ್ಕೆ ತಂದೆತಾಯಿಯರ ಕೈಗೆ ಬಂದಿದೆ. ಇಂಗ್ಲಿಷ್ ಬೇಡ ಎನ್ನಲು ನನಗೆ ಬಾಯಿಲ್ಲ. ಅದರಿಂದಲೇ ನನ್ನ ಮಗ ಅನ್ನ ತಿನ್ನುತ್ತಿದ್ದಾನೆ. ಉರ್ದುವಿನ ಮೇಲೂ ಸಿಟ್ಟಿಲ್ಲ. ದವಾಖಾನೆ, ದಫ್ತರು, ಅರ್ಜಿ ಎಲ್ಲವೂ ನಮ್ಮ ಮಾತೇ ಆಗಿವೆ. ಭಾಷೆಗಳು ಮನೆಗೆ ಬರಲಿ. ಬಂದವರಿಗೆ ಜಾಗ ಮಾಡಿಕೊಡಲು ಮನೆಯವಳನ್ನೇ ಹೊರಗೆ ಕಳಿಸುವುದು ಬೇಡ.

ಕಳೆದ ದಸರೆಗೆ ಮಗ ಸೊಸೆ ಬಂದಿದ್ದರು. ಅಜ್ಜಿಯ ಹಾಡೊಂದನ್ನು ನಾನು ಗುನುಗುವಾಗ ಮೊಮ್ಮಗಳು, "ಬೀಸೋಕಲ್ಲು ಅಂದ್ರೇನಜ್ಜಿ?" ಎಂದಳು. ಹಿತ್ತಲಲ್ಲಿ ಬಿದ್ದಿದ್ದ ಕಲ್ಲು ತೊಳೆದು ತಂದೆ. ಇಬ್ಬರೂ ಗೂಟ ಹಿಡಿದು ಒಂದು ಹಿಡಿ ಜೋಳ ಬೀಸಿದೆವು. ಹಿಟ್ಟು ನುಣ್ಣಗಾಗಲಿಲ್ಲ. ಹಾಡಿನ ಎರಡು ಸಾಲು ಮಾತ್ರ ಅವಳ ಬಾಯಿಗೆ ಬಂದವು.